ತಿಳಸ್ತೀವಿ ಅಂದ ಕಾಲೇಜು

ಗೌಂಡಿ ಕೆಲಸದವನಿಗೆ ಮಧ್ಯಾಹ್ನದ ಸಣ್ಣ ನಿದ್ದೆ ಹಕ್ಕಿನದು. ಬುತ್ತಿ ಉಂಡು, ಉಸುಕಿನ ಗುಡ್ಡೆಯ ನೆರಳಿನ ಮಗ್ಗುಲಿಗೆ ಟಾವೆಲ್ ಹಾಸಿ ಅಡ್ಡಾದರೆ ಉಸುಕು ತಾನೇ ಸರಿದು ಮೈಯ ಅಳತೆಗೆ ಜಾಗ ಮಾಡಿಕೊಡುತ್ತದೆ. ಮೇಲೆ ಬಿಸಿ, ಗೇಣು ಒಳಗೆ ಹೊಳೆಯ ತಂಪು. ಆ ಮಳೆಗಾಲ ನಾಗನೂರಿನಲ್ಲಿ ಒಂದು ಹೊಸ ಮನೆಯ ಪ್ಲಾಸ್ಟರ್ ಕೆಲಸ ಹಿಡಿದಿದ್ದೆ. ಸುತ್ತಲೂ ಕಬ್ಬು. ಗಾಳಿ ಬಂದರೆ ಇಡೀ ಸೀಮೆಯೇ ಮಗ್ಗುಲು ಬದಲಿಸಿದಂತೆ ಸಪ್ಪಳ. ಕಣ್ಣು ಮುಚ್ಚಿಕೊಳ್ಳುವ ಹೊತ್ತಿಗೆ ಎಲ್ಲೋ ದೂರದಲ್ಲಿ ಫೋನು ರಿಂಗಾಗುತ್ತಿತ್ತು. ದಡಕ್ಕನೆ ಎದ್ದು ಕಿಸೆ ಮುಟ್ಟಿಕೊಂಡರೆ ಅದು ಸುಮ್ಮನಿರುತ್ತಿತ್ತು. ಕೂಗಿದ್ದು ಕಬ್ಬಿನೊಳಗಿನ ಯಾವುದೋ ಹಕ್ಕಿ.

ನಾನು ಕಾಯುತ್ತಿದ್ದದ್ದು ಒಂದು ಮೆಡಿಕಲ್ ಕಾಲೇಜಿನ ಫೋನಿಗೆ. ಮಗಳು ಅಲ್ಲಿ ಸೇರಲು ಅರ್ಜಿ ಹಾಕಿದ್ದಳು, ಅದರಲ್ಲಿ ತನ್ನ ನಂಬರಿನ ಜೊತೆ ನನ್ನದನ್ನೂ ಬರೆದಿದ್ದಳು.

ಡಾಕ್ಟರ್ ಆಗುವ ಪರೀಕ್ಷೆಯನ್ನೂ ಬರೆದಿದ್ದಳು, ಆ ಸೀಟು ಅವಳ ತನಕ ಬರಲಿಲ್ಲ. ಅದಕ್ಕೆ ಬಹಳ ಮರುಗಲೂ ಇಲ್ಲ. ಅವಳ ಮನಸ್ಸು ಮೊದಲಿನಿಂದಲೂ ಬೇರೆ ಕಡೆ ಇತ್ತು. ಆಪರೇಷನ್ನಿಗೆ ಮುಂಚೆ ರೋಗಿಗೆ ನಿದ್ದೆ ಬರಿಸುವ ಡಾಕ್ಟರು ಇರುತ್ತಾರಲ್ಲ, ಅವರ ಬಾಜೂ ನಿಂತು ಯಂತ್ರ, ಔಷಧ, ಮಲಗಿದವರ ಉಸಿರು ನೋಡಿಕೊಳ್ಳುವವರನ್ನು ತಯಾರು ಮಾಡುವ ಕೋರ್ಸು ಅದು. ಆ ಕೋರ್ಸಿಗೆ ಆ ಕಾಲೇಜು ತಾನೇ ಅರ್ಜಿ ಕರೆದು, ತಾನೇ ಮಾತಾಡಿಸಿ ಆರಿಸಿಕೊಳ್ಳುತ್ತಿತ್ತು. ನಮ್ಮ ಮೂಡಲಗಿಯಲ್ಲಿ ಯಾರಿಗೆ ಹೇಳಿದರೂ, “ಮಂದೀನ ಮಲಗಸಾಕೂ ಕಾಲೇಜ ಐತೇನ್ರಿ?” ಎಂದು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಆ ಹುಚ್ಚು ಅವಳಿಗೆ ಹಿಡಿಸಿದವನೇ ನಾನು.

ಅವಳು ಸಣ್ಣವಳಿದ್ದಾಗ ಗೋಕಾಕದ ಒಂದು ಕಟ್ಟಡದಲ್ಲಿ ಅಟ್ಟಣಿಗೆಯಿಂದ ಬಿದ್ದು ಬಲ ತೋಳಿನ ಎಲುಬು ಮುರಿದುಕೊಂಡಿದ್ದೆ. ಬಲಗೈ ಅಂದರೆ ಸಿಮೆಂಟು ಎಳೆಯುವ ಥಾಪಿ ಹಿಡಿಯುವ ಕೈ. ಅದು ಹೋದರೆ ನಾನೇ ಹೋದಂತೆ. ಆಪರೇಷನ್ ಕೋಣೆಯಲ್ಲಿ ಮಲಗಿಸಿದಾಗ ಮೇಲಿನ ದೊಡ್ಡ ದೀಪ ನೋಡುತ್ತ ಹಲ್ಲು ಕಚ್ಚಿಕೊಂಡಿದ್ದೆ. ಅಂಜಿದವನಂತೆ ಕಾಣಬಾರದಲ್ಲ. ಆಗ ತಲೆಯ ಹಿಂದಿನಿಂದ, ಹಸಿರು ಬಟ್ಟೆಯ ಒಬ್ಬಾತ ಸಾವಕಾಶ ಕೇಳಿದ: “ಕಾಕಾ, ನಿಮ್ಮೂರು ಯಾವುದ್ರಿ?”

ಹೇಳಿದೆ.

“ಊರ ಮುಂದ ಹಳ್ಳಾ ಐತೇನ್ರಿ?”

“ಐತ್ರಿ.”

“ಹಳ್ಳಾ ದಾಟಿದ ಮ್ಯಾಲೆ ಏನ ಬರತೈತಿ?”

“ಬೇವಿನ ಗಿಡಾ ಬರತೈತ್ರಿ...” ಎನ್ನುತ್ತಿದ್ದಂತೆ ನಾನು ಖರೇನೇ ಆ ಹಳ್ಳದಲ್ಲಿದ್ದೆ. ಮೊಣಕಾಲ ತನಕ ನೀರು, ಹೆಗಲಿಗೆ ಸಾಲಿಯ ಚೀಲ. ಏಳನೆಯ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಆದರೆ ಆ ನೀರಿನಲ್ಲಿ ಇನ್ನೂ ಬಿಟ್ಟಿರಲಿಲ್ಲ. ಆಚೆ ದಂಡೆ ಹತ್ತುವುದರೊಳಗೆ ಯಾರೋ ಕೆನ್ನೆ ತಟ್ಟಿ, “ಕಾಕಾ, ಮುಗೀತ್ರಿ” ಎಂದರು.

ಈ ಕಥೆಯನ್ನು ಮಗಳು ಎಷ್ಟು ಸಲ ಹೇಳಿಸಿಕೊಂಡಿದ್ದಾಳೋ. ಬೇರೆ ಮಕ್ಕಳಿಗೆ ರಾಜ ರಾಣಿ ಬೇಕಾದರೆ ಇವಳಿಗೆ ಹಸಿರು ಬಟ್ಟೆಯವನೇ ಬೇಕು. “ಆಮ್ಯಾಲೆ ಅವ ಏನ ಕೇಳಿದಾ?” ಎನ್ನುವಳು. ಅವನ ಹೆಸರು ನನಗೆ ಗೊತ್ತಿಲ್ಲ, ಮುಖ ಕಂಡಿಲ್ಲ. ಧ್ವನಿ ಮಾತ್ರ ಇವತ್ತು ಕಿವಿಗೆ ಬಿದ್ದರೂ ಗುರುತು ಹಿಡಿಯುತ್ತೇನೆ.

ಕಾಲೇಜಿನವರು ಅವಳನ್ನು ಮಾತಾಡಿಸಲು ಕರೆದ ದಿನ ನಾನೂ ಜೊತೆಗೆ ಹೋಗಿದ್ದೆ. ಎರಡು ಜಿಲ್ಲೆ ಆಚೆಯ ದೊಡ್ಡ ಊರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಗೋಡೆ ಯಾರೋ ಕೈ ನೆಟ್ಟಗಿದ್ದವರು ಮಾಡಿದ್ದು. ಕಿಡಕಿಯ ಬೆಳಕು ಎಲ್ಲೂ ಎಡವದೆ ಅದರ ಮೇಲೆ ಹರಿದು ಹೋಗುತ್ತಿತ್ತು. ಅದನ್ನೇ ನೋಡುತ್ತ ನೋಡುತ್ತ ನನಗೆ ಆ ಜಾಗದ ಮೇಲೆ ನಂಬಿಕೆ ಬಂತು. ಸ್ವಲ್ಪ ಹೊತ್ತಿಗೆ ಮಗಳು ಹೊರಬಂದಳು. ಅವಳ ಹಿಂದೆ ಕನ್ನಡಕ ಹಾಕಿದ ಒಬ್ಬ ಮೇಡಮ್ಮು ಬಾಗಿಲ ತನಕ ಬಂದು, ನನ್ನನ್ನೂ ನೋಡಿ ನಕ್ಕು, “ಆಯ್ತು, ತಿಳಿಸ್ತೀವಿ” ಎಂದರು.

ಬಸ್ಸಿನಲ್ಲಿ ಊರು ಮುಟ್ಟುವ ತನಕ ನನ್ನ ತಲೆಯಲ್ಲಿ ಆ ಒಂದೇ ಮಾತು. ಅದು ನನಗೆ ಹೊಸದಲ್ಲ.

ನಮ್ಮ ಕಡೆ ಕನ್ಯಾ ನೋಡಲು ಬಂದ ಗಂಡಿನವರು ಅವಲಕ್ಕಿ ತಿಂದು, ಚಾ ಕುಡಿದು, ಹುಡುಗಿಯನ್ನು ಒಂದೆರಡು ಮಾತು ಕೇಳಿ, ಎದ್ದು ಚಪ್ಪಲಿ ಮೆಟ್ಟುವಾಗ ಹೇಳುವುದು ಇದನ್ನೇ: “ಹೋಗಿ ತಿಳಸ್ತೀವ್ರಿ.” ಅಲ್ಲಿಂದ ಮುಂದೆ ಹೆಣ್ಣಿನವರು ಬಾಯಿ ಬಿಡುವಂತಿಲ್ಲ. ಸಂತೆಯಲ್ಲಿ ಎದುರಾದರೂ ಮಳೆ-ಬೆಳೆ ಮಾತಾಡಬೇಕು, ಆ ಮಾತು ಎತ್ತಬಾರದು. ಎತ್ತಿದರೆ ಹುಡುಗಿಗೆ ಏನೋ ಕೊರತೆ ಇದೆ, ಅದಕ್ಕೇ ಇವರಿಗೆ ಅವಸರ ಅಂತ ಆಗುತ್ತದೆ. ನನ್ನ ಮಾವ ಘೋಡಗೇರಿಯವರು. ನಮ್ಮ ಮನೆಯವರು ಅವರ ಮಗಳನ್ನು ನೋಡಿ “ತಿಳಸ್ತೀವಿ” ಎಂದು ಎದ್ದು ಬಂದ ಮೇಲೆ, ಆ ಮಹಾರಾಯರು ಒಂದು ಇಡೀ ಕಬ್ಬಿನ ಹಂಗಾಮು ತುಟಿ ಪಿಟಕ್ಕೆನ್ನಲಿಲ್ಲ. ನಮ್ಮಲ್ಲಿ ಬೇಡ ಅಂದವರು ಯಾರೂ ಇರಲಿಲ್ಲ. ದೊಡ್ಡಪ್ಪ ‘ಕಬ್ಬು ಹೋಗಲಿ, ನೋಡೋಣ’ ಅಂದವನು ಕಬ್ಬಿನ ಗದ್ದಲದಲ್ಲಿ ಮರೆತುಬಿಟ್ಟ. ಅವರ ಕಡೆಯ ಮೌನ ಕಂಡು ನಮ್ಮವ್ವ, ‘ಅವರು ಬ್ಯಾರೆ ಕಡೆ ನೋಡಿರಬೇಕು’ ಎಂದುಕೊಂಡಳು. ಆ ಸಂಬಂಧ ಕೆಂಡ ಆರಿದ ಒಲೆಯ ಮೇಲೆ ಮರೆತ ಹಾಲಿನಂತೆ ಸುಮ್ಮನೆ ಆರಿ ಹೋಗುವುದರಲ್ಲಿತ್ತು.

ಆಗ, ದೇವರೇ ಕಳಿಸಿದಂತೆ, ಊರೂರು ತಿರುಗುವ ಒಬ್ಬ ಮುದುಕ ಬಳೆಗಾರ ಬಂದ. ನಮ್ಮ ಕಟ್ಟೆಯ ಮೇಲೆ ಗಂಟು ಇಳಿಸಿ, ಅವ್ವನ ಕೈಗೆ ಬಳೆ ಏರಿಸುತ್ತ, “ಯವ್ವಾ, ಘೋಡಗೇರಿ ಕನ್ಯಾಕ್ಕ ಲಗ್ನದ ಹಸರ ಬಳಿ ಎತ್ತಿಡ್ಲೋ, ಮತ್ತೊಬ್ಬರಿಗೆ ಕೊಡ್ಲೋ?” ಎಂದ. ಅವ್ವನಿಗೆ ನಿದ್ದೆಯಿಂದ ಎಚ್ಚರಾದಂತಾಯಿತು. ಮರುದಿನವೇ ದೊಡ್ಡಪ್ಪನನ್ನು ಎಬ್ಬಿಸಿ ಘೋಡಗೇರಿಗೆ ಅಟ್ಟಿದಳು. ನನ್ನ ಲಗ್ನ ಆದದ್ದು ಹೀಗೆ. ಮಾವ ಕೇಳಲಿಲ್ಲ, ಮಾನ ಉಳಿಯಿತು, ಕೆಲಸವೂ ಆಯಿತು. ನಾನು ನಂಬಿ ಬದುಕಿದ್ದು ಇದನ್ನೇ. ‘ಕೆಲಸ ಕೊಡ್ರಿ’ ಎಂದು ಯಾರ ಬಾಗಿಲಿಗೂ ಹೋದವನಲ್ಲ. ಮೂಡಲಗಿ ತಾಲೂಕು ಆದ ಮೇಲೆ ಎದ್ದ ಮನೆಗಳಲ್ಲಿ ಎಷ್ಟೋ ಗೋಡೆ ನನ್ನ ಕೈಯವು, ಮಂದಿಯೇ ನನ್ನ ಮನೆ ಹುಡುಕಿಕೊಂಡು ಬಂದು ಕರೆದಿದ್ದಾರೆ.

ಕಾಲೇಜಿನವರು ಇಂಥ ವಾರದೊಳಗೆ ತಿಳಿಸುತ್ತೇವೆ ಎಂದಿದ್ದರು. ಆ ವಾರ ಬಂತು, ಹೋಯಿತು. ಅದರ ಬೆನ್ನಿಗೆ ಇನ್ನೊಂದು ವಾರ ಮೋಡದಂತೆ ತಲೆಯ ಮೇಲಿಂದ ಸರಿದು ಹೋಯಿತು. ಇತ್ತ ಗೋಕಾಕದ ಡಿಗ್ರಿ ಕಾಲೇಜಿನಲ್ಲಿ ಅಡ್ಮಿಷನ್ ಮುಗಿಯುತ್ತ ಬಂದಿತ್ತು. ಅಲ್ಲಿ ಸೇರಿದರೆ ಹಸಿರು ಬಟ್ಟೆಯ ಕನಸು ಬಿಟ್ಟಂತೆ, ಸೇರದಿದ್ದರೆ ಎರಡೂ ಕೈಬಿಟ್ಟು ವರ್ಷವೇ ಹೋಗಬಹುದು. ಒಂದು ಸಂಜೆ ರೊಟ್ಟಿ ತಿನ್ನುವಾಗ ಮಗಳು ಹೇಳಿದಳು:

“ಅಪ್ಪಾ, ಒಂದ ಫೋನ ಹಚ್ಚಿ ಕೇಳ್ಲೇನು? ನನ್ನ ಅರ್ಜಿ ಎಲ್ಲಿಗೆ ಬಂದೈತಿ ಅಂತ.”

“ಬ್ಯಾಡ.”

“ಯಾಕ?”

“ತಿಳಸ್ತೀವಿ ಅಂದಾರಿಲ್ಲೋ? ತಿಳಸ್ತಾರ.”

“ಹೇಳಿದ ವಾರಾ ದಾಟಿ ಹೋತು. ದಿನಾ ಫೋನ ಹಚ್ಚಿ ಕಾಡಿದ್ರ ತಪ್ಪು. ವಾರಾ ದಾಟಿದ ಮ್ಯಾಲೆ ಒಂದ ಸಲ ಕೇಳಿದ್ರ ಏನ ತಪ್ಪೈತಿ?”

“ನಾವು ಹೆಣ್ಣಿನವರು, ತಂಗಿ. ಹೆಣ್ಣಿನವರು ಕೇಳಬಾರದು.”

ಅವಳು ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನನ್ನೇ ನೋಡಿದಳು. “ಅಪ್ಪಾ, ನಾ ಅಲ್ಲಿ ಕಲಿಯಾಕ ಹೊಂಟೇನಿ. ಸಂಸಾರ ಮಾಡಾಕಲ್ಲ.”

ಒಲೆಯ ಮುಂದಿದ್ದ ಹೆಂಡತಿಯ ಬೆನ್ನು ನಕ್ಕಂತೆ ಕಂಡಿತು.

ಮೂಡಲಗಿಯಲ್ಲಿ ನನಗೊಬ್ಬ ದೋಸ್ತ ಇದ್ದಾನೆ, ಮುಸಲ್ಮಾನ, ಸ್ಲ್ಯಾಬಿಗೆ ಸೆಂಟ್ರಿಂಗ್ ಹಲಗೆ ಬಡಿಯುವವನು. ಅವನು ಮಾಡು ನಿಲ್ಲಿಸಿ ಹೋದ ಮೇಲೆ ಕೆಳಗೆ ನನ್ನ ಕೆಲಸ. ನಮ್ಮಿಬ್ಬರ ದೋಸ್ತಿ ಅಂಥ ಅರ್ಧ ಕಟ್ಟಿದ ಮನೆಗಳಲ್ಲೇ ಬೆಳೆದದ್ದು. ಚಾದಂಗಡಿಯಲ್ಲಿ ಅವನ ಮುಂದೆ ಈ ಸಂಗತಿ ಹೇಳಿದೆ.

“ಮತ್ತ ಇಲ್ಲೇನ ಕುಂತೀಲೇ? ಬಸ್ ಹತ್ತು,” ಎಂದ. “ಹೋಗಿ ಆ ಆಫೀಸಿನ ಬಾಗಲದಾಗ ನಿಂದ್ರು. ಬರೂ ಮುಂದ, ಹೋಗೂ ಮುಂದ ನಿನ್ನ ಮಾರಿ ಕಾಣಬೇಕ ಅವರಿಗೆ. ಕಬ್ಬಿನ ಕಟಾವಿಗೆ ಫ್ಯಾಕ್ಟರಿಯವರ ಹಿಂದ ಹೆಂಗ ಬೀಳ್ತಾರ? ಕೇಳಲಾರದವನ ಕಬ್ಬು ಹೊಲದಾಗ ಹೂ ಬಿಡತೈತಿ.”

“ಅದು ಕಬ್ಬು.”

“ಕಬ್ಬರ ಏನ, ಕಾಲೇಜರ ಏನ? ಹೋಗೂ ಮುಂದ ಗೋಕಾಕ ಕರದಂಟ ಒಂದ ಡಬ್ಬಿ ಒಯ್ಯಿ.”

“ಹೆಣ್ಣಿನವರು ನಾವು. ಕರದಂಟ ಹೊತ್ತಗೊಂಡ ಹೋಗಿ ಅವರ ಬಾಗಲದಾಗ ನಿಂದ್ರಲೇನು?”

ಅವನು ಬಸಿಗೆ ಸುರಿದ ಚಾ ಊದುವುದನ್ನು ನಿಲ್ಲಿಸಿದ. “ಅಲ್ಲೋ ಮಾರಾಯಾ, ಆ ಕಾಲೇಜ ನಿನ್ನ ಮಗಳ್ನ ಲಗ್ನಾ ಮಾಡ್ಕೊಳ್ಳಾಕತ್ತೈತೇನ? ನಿನ್ನ ಬೀಗ ಯಾರು, ಆ ಬಿಲ್ಡಿಂಗ?”

ಚಾದಂಗಡಿಯೇ ನಕ್ಕಿತು. ನಾನು ಬಿಗಿದುಕೊಂಡೇ ಕೂತೆ. ಆದರೆ ಮರುದಿನ ಉಸುಕಿನ ಮೇಲೆ ಅಡ್ಡಾದಾಗ ನಿದ್ದೆಯಲ್ಲಿ ಆ ಕಾಲೇಜಿನ ಕಟ್ಟಡ ಬಂತು. ರುಮಾಲು ಸುತ್ತಿಕೊಂಡು, ಕಿಡಕಿಗಳಲ್ಲೆಲ್ಲ ದೀಪ ಹಚ್ಚಿಕೊಂಡು, ನಮ್ಮ ಓಣಿಯಲ್ಲಿ ಹಗುರಾಗಿ ನಡೆದು ಬಂತು. ನಮ್ಮ ಬಾಗಿಲು ಸಣ್ಣದು, ಒಳಗೆ ಬರಲಾರದೆ ಅಂಗಳದಲ್ಲೇ ಬಗ್ಗಿ ನಿಂತು ಏನೋ ಹೇಳಲು ಬಾಯಿ ತೆರೆಯಿತು. ಅಷ್ಟರಲ್ಲಿ ಕಲಸಿದ ಮಾಲು ತಯಾರಾಗಿದೆ ಎಂದು ಯಾರೋ ಕೂಗಿದರು. ಅದು ಏನು ಹೇಳಲು ಬಂದಿತ್ತು ಎಂದು ಸಂಜೆಯ ತನಕ ಗೋಡೆಗೆ ಸಿಮೆಂಟು ಎಳೆಯುತ್ತ ಯೋಚಿಸಿದೆ.

ಆ ಐತವಾರ ಘೋಡಗೇರಿಗೆ ಹೋದೆವು, ನನ್ನ ಹೆಂಡತಿಯ ಅಣ್ಣನ ಮೊಮ್ಮಗನ ಹೆಸರಿಡುವ ಕಾರ್ಯಕ್ಕೆ. ಮಳೆ ಜಿಟಿಜಿಟಿ ಹಿಡಿದಿತ್ತು. ಉಂಡವರೆಲ್ಲ ಒಳಗೆ ಅಡ್ಡಾದರು. ನಾವು ಮೂವರು ಪಡಸಾಲೆಯಲ್ಲಿ ಕೂತಿದ್ದೆವು, ಎದುರಿಗೆ ಹೊಳೆ ಕೆಂಪಗೆ, ಸಪ್ಪಳವಿಲ್ಲದೆ ದಪ್ಪಗಾಗುತ್ತಿತ್ತು. ನಾನು ಕನ್ಯಾ ನೋಡಲು ಬಂದಾಗ ಕೂತದ್ದು ಇದೇ ಪಡಸಾಲೆ. ಆಗಿನ ಮಣ್ಣಿನ ಗೋಡೆಯನ್ನು ಮುಂದೆ ನಾನೇ ಸಿಮೆಂಟಿನದು ಮಾಡಿಕೊಟ್ಟೆ. ಆದರೂ ಮಳೆ ಬಂದರೆ ಅದು ಹಳೆಯ ಮಣ್ಣಿನ ವಾಸನೆಯನ್ನೇ ಬಿಡುತ್ತದೆ.

ಮಗಳು ಫೋನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದಳು. “ನಾಳೆ ಗೋಕಾಕದಾಗ ಅಡ್ಮಿಷನ್ ಮುಗೀತೈತಿ,” ಎಂದಳು. ಯಾರಿಗೆ ಹೇಳಿದಳೋ, ಹೊಳೆಗೋ.

ನಾನು ಮಾವನ ಮಾತು ತೆಗೆದೆ. “ನಿಮ್ಮಜ್ಜ ಇಲ್ಲೇ, ಈ ಜಾಗಾದಾಗ ಕುಂತಿದ್ದಾ. ಒಂದ ಹಂಗಾಮ ಕಾಯ್ದಾ. ಕೇಳಲಿಲ್ಲ. ಕೆಲಸಾ ಆತೋ ಇಲ್ಲೋ?”

ಹೆಂಡತಿ ಸೆರಗಿನಿಂದ ಕಾಲು ಒರೆಸಿಕೊಳ್ಳುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ಏನ್ರಿ, ಆ ಬಳಗಾರ ನಿಮ್ಮ ಮನಿಗೆ ತಾನಾಗೇ ಬಂದಿದ್ದಾ ಅಂತ ತಿಳ್ಕೊಂಡೀರಿ?”

“ಮತ್ತ? ಅವನ ಕೆಲಸಾನ ಊರ ತಿರಗೂದು.”

“ಹುಕ್ಕೇರಿ ಸಂತಿಗೆ ಹೊಂಟವನ್ನ ತಡದು ನಾ ಕಳಿಸಿದ್ದೆ. ‘ಮಾಮಾ, ಆ ಊರಿಗೆ ಹೋದ್ರ, ಆ ಮನಿ ಕಟ್ಟಿಮ್ಯಾಲೆ ಗಂಟ ಇಳಸ್ರಿ, ಹಿಂಗ ಕೇಳ್ರಿ’ ಅಂದಿದ್ದೆ. ಹಸರ ಬಳಿ ಮಾತೂ ನಾನ ಹೇಳಿಕೊಟ್ಟಿದ್ದು.”

ಮಗಳು ಮೊದಲು ಬಾಯಿ ತೆರೆದು ಕೂತಳು, ಆಮೇಲೆ ನಕ್ಕಳು. ಒಳಗೆ ಮಲಗಿದ ಕೂಸು ಎದ್ದು ಅಳುವಷ್ಟು ನಕ್ಕಳು. “ಅವ್ವಾ, ನೀ ಕೇಳಿ ಕಳಿಸಿದ್ದಿ ಅಂತ ನಾ ಹುಟ್ಟೇನಿ!”

“ಇಷ್ಟ ವರ್ಷ ಯಾಕ ಹೇಳಲಿಲ್ಲ?” ಎಂದೆ.

“ನೀವು ಕೇಳಲಿಲ್ಲ,” ಎಂದಳು ಹೆಂಡತಿ. “ನಮ್ಮಪ್ಪಗ ಮಾನಾ ಇತ್ರಿ. ನನಗ ನೀವು ಬೇಕಾಗಿದ್ರಿ. ಅವತ್ತ ಇಲ್ಲಿ ಕುಂತಾಗ ಎಲ್ಲಾರೂ ನನ್ನ ನೋಡಿದ್ರು. ನೀವು ನಮ್ಮ ಗ್ವಾಡಿ ನೋಡಾಕತ್ತಿದ್ರಿ. ಹಿಂತಾವ ಮನಿ ಕಟ್ಟತಾನ ಅನಸ್ತು.”

ಹೊಳೆಯನ್ನು ನೋಡುತ್ತ ಕೂತೆ. ಆ ಮುದುಕ ಬರದೇ ಇದ್ದಿದ್ದರೆ? ಅದೇ ಮಳೆ, ಅದೇ ಹೊಳೆ, ಬೇರೆ ಯಾರದೋ ಪಡಸಾಲೆಯಲ್ಲಿ ಬೇರೆ ಯಾರ ಜೊತೆಗೋ ಕೂತ ಇನ್ನೊಬ್ಬ ನಾನು. ಅವನ ಮುಖ ನನಗೆ ಕಾಣಲೇ ಇಲ್ಲ. ನಾನು ನಂಬಿ ನಿಂತಿದ್ದ ಮಾನದ ಗೋಡೆಯ ಹಿಂದೆ ಒಬ್ಬ ಹುಡುಗಿ ಹೊಸ್ತಿಲಲ್ಲಿ ನಿಂತು ಬಳೆಗಾರನನ್ನು ಮೆಲ್ಲಗೆ ಕರೆಯುತ್ತಿದ್ದಳು. ಕೇಳಿದ್ದಳು, ಆದರೆ ಅದರಿಂದ ಅವಳೇನೂ ಕಡಿಮೆ ಆಗಿರಲಿಲ್ಲ. ಈಗ ಗೊತ್ತಾದ ಮೇಲೂ ನನ್ನ ಕಣ್ಣಿಗೆ ಆಗಲಿಲ್ಲ. ಆಗ ಯಾಕೋ ಆಪರೇಷನ್ ಕೋಣೆಯ ಆ ಧ್ವನಿಯೂ ನೆನಪಾಯಿತು. ಅವನೂ ಕೇಳಿದ್ದನಲ್ಲ, ನಿಮ್ಮೂರು ಯಾವುದ್ರಿ ಅಂತ.

“ನಾಳೆ ಮುಂಜಾನೆ ಕೇಳು,” ಎಂದೆ ಮಗಳಿಗೆ. “ಆದರ ಕೇಳೂದು ಬ್ಯಾರೆ, ಬೇಡೂದು ಬ್ಯಾರೆ. ಒಂದ ಸಲ ಕೇಳಬೇಕು. ಅವರು ಹೇಳಿದ್ದ ಕೇಳಿಸ್ಕೊಂಡು, ಉಪಕಾರ ಆತ್ರಿ ಅಂದು ಇಡಬೇಕು.”

“ಅಷ್ಟ ನನಗೂ ಗೊತ್ತೈತಿ,” ಎಂದಳು. ನನ್ನ ಮಗಳಲ್ಲವೇ.

ಮರುದಿನ ಕೆಲಸಕ್ಕೆ ತಡಮಾಡಿ ಹೊರಟೆ. ಆಫೀಸು ತೆರೆದು, ಅಲ್ಲಿಯ ಮಂದಿ ಕುರ್ಚಿಯಲ್ಲಿ ಕೂತು ನೀರು ಕುಡಿಯುವಷ್ಟು ಹೊತ್ತು ಬಿಟ್ಟು ಮಗಳು ಫೋನು ಹಚ್ಚಿದಳು, ನಮಗೂ ಕೇಳುವಂತೆ ಇಟ್ಟಳು. ತನ್ನ ಹೆಸರು, ಅರ್ಜಿಯ ನಂಬರು, ಮಾತಾಡಿಸಲು ಬಂದ ದಿನ, ಎಲ್ಲ ಸಾಲಾಗಿ ಹೇಳಿ, “ಹೇಳಿದ ವಾರ ಮುಗಿದಿದೆ ಮೇಡಮ್, ನನ್ನ ಅರ್ಜಿ ಯಾವ ಹಂತದಲ್ಲಿದೆ ಅಂತ ತಿಳಿಸ್ತೀರಾ?” ಎಂದಳು. ಸಾಲಿಯ ಕನ್ನಡ. ನನ್ನ ಹೆಂಡತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಅತ್ತ ಕಡೆ ಹೆಣ್ಣಿನ ಧ್ವನಿ. ಕೀಲಿಮಣೆಯ ಟಕಟಕ ಸಪ್ಪಳ. ಆ ಸಪ್ಪಳದೊಳಗೆ ನಮ್ಮ ಮನೆ ಉಸಿರು ಹಿಡಿಯಿತು.

“ನಿಮ್ಮದು ವೇಟಿಂಗ್‌ನಲ್ಲಿದೆ,” ಎಂದಿತು ಧ್ವನಿ. “ಪಟ್ಟಿ ತಡ ಆಯ್ತು, ಅದಕ್ಕೇ ಯಾರಿಗೂ ಹೇಳಿಲ್ಲ. ಸೇರಿದವರಲ್ಲಿ ಯಾರಾದ್ರೂ ಬಿಟ್ಟರೆ ಕೆಳಗಿನವರನ್ನ ಕರೀತೀವಿ. ಕರೆದ್ರೆ ಬರ್ತೀರಾ? ಎಷ್ಟೋ ಜನ ಅಷ್ಟರಲ್ಲಿ ಬೇರೆ ಕಡೆ ಸೇರಿರ್ತಾರೆ. ಫೋನ್ ಎತ್ತಿದ್ರೂ ನಾಳೆ ಹೇಳ್ತೀವಿ ಅಂತಾರೆ.”

“ಬರ್ತೀನಿ ಮೇಡಮ್.”

“ನಿಮ್ಮ ಮನೇಲಿ ಒಪ್ಪಿದಾರಾ?”

ಮಗಳು ನನ್ನ ಮುಖ ನೋಡಿದಳು. ನಾನು ಗಂಟಲು ಸರಿ ಮಾಡಿಕೊಂಡು, ಫೋನಿಗೆ ಕೇಳುವಂತೆ ಹೇಳಿದೆ: “ಒಪ್ಪೇವ್ರಿ.”

ಧ್ವನಿ ನಕ್ಕಿತು. “ಹಾಗಾದ್ರೆ ಬರ್ತಾರೆ ಅಂತ ಗುರುತು ಹಾಕಿಡ್ತೀನಿ. ಮತ್ತೆ ಮತ್ತೆ ಫೋನ್ ಮಾಡಬೇಡಿ, ನಾವೇ ಮಾಡ್ತೀವಿ.”

“ಉಪಕಾರ ಆಯ್ತು ಮೇಡಮ್,” ಎಂದು ಮಗಳು ಇಟ್ಟಳು. ಸೀಟು ಸಿಕ್ಕಿರಲಿಲ್ಲ. ಆದರೆ ಮನೆಯಲ್ಲಿ ಗಾಳಿ ಆಡಿತು. ಅವಳು ಗೋಕಾಕಕ್ಕೆ ಹೋಗಲಿಲ್ಲ. ಕಾಯುತ್ತೇನೆ ಎಂದಳು, ನಾನು ಬೇಡ ಅನ್ನಲಿಲ್ಲ. ದೋಸ್ತನಿಗೆ ಹೇಳಿದರೆ, “ಒಪ್ಪೇವ್ರಿ ಅಂದೀ? ಅಂದ್ರ ನಿಶ್ಚಯ ಆದಂಗ ಆತು, ಇನ್ನ ಕರದಂಟ ಹಂಚು,” ಎಂದ.

ಆ ಮೇಲಿನ ದಿನಗಳನ್ನು ನಾನು ಎಣಿಸಲಿಲ್ಲ. ಹಸಿ ಗೋಡೆಗೆ ನೀರು ಹೊಡೆಯುತ್ತ ಇದ್ದೆ. ನೀರು ಕುಡಿದ ಗೋಡೆ ಮೊದಲು ಕಪ್ಪಾಗಿ, ಮೆಲ್ಲಗೆ ಮೂಲೆಯಿಂದ ಬೆಳ್ಳಗಾಗುತ್ತ ಬರುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಂದು ಮಧ್ಯಾಹ್ನ, ಕೊನೆಯ ಗೋಡೆ ಅರ್ಧಕ್ಕೆ ಬಂದಿದ್ದಾಗ, ಅಟ್ಟಣಿಗೆಯ ಕೆಳಗೆ ಮಗಳ ಧ್ವನಿ ಕೇಳಿಸಿತು. ಮೂಡಲಗಿಯಿಂದ ಬಸ್ಸು ಹತ್ತಿ ಬಂದಿದ್ದಳು. ತಲೆಯ ಮೇಲೆ ಓಡಣಿ, ಕಣ್ಣು ಮೇಲೆ.

“ಅಪ್ಪಾ, ಫೋನ ಬಂದಿತ್ತು.”

ಪ್ಲಾಸ್ಟರು ಅರ್ಧಕ್ಕೆ ಬಿಟ್ಟರೆ ಗೋಡೆಯಲ್ಲಿ ಗೆರೆ ಉಳಿಯುತ್ತದೆ. ಥಾಪಿ ನಿಲ್ಲಿಸದೆಯೇ ಕೇಳಿದೆ: “ಏನಂದ್ರು?”

“ಬರ್ತೀರೇನು ಅಂದ್ರು.”

“ನೀ ಏನಂದಿ?”

“ಬರ್ತೀನಿ ಅಂದೆ.”

ಕೈ ತಾನಾಗಿ ಎಳೆಯುತ್ತಲೇ ಇತ್ತು. ಕಣ್ಣಿಗೆ ಮಾತ್ರ ಗೋಡೆ ಕಾಣುತ್ತಿರಲಿಲ್ಲ, ಮೊಣಕಾಲುದ್ದದ ನೀರು ಕಾಣುತ್ತಿತ್ತು. ಆ ಮನೆಗೆ ಈಗಲೂ ಹೋದರೆ ಪಡುವಣ ಗೋಡೆಯಲ್ಲಿ ಒಂದು ಕಡೆ ಬೆಳಕು ಸ್ವಲ್ಪ ಎಡವುತ್ತದೆ. ಯಾರೂ ಕಂಡುಹಿಡಿದಿಲ್ಲ. ನಾನು ತಿದ್ದಲೂ ಹೋಗಿಲ್ಲ.

ಕೇಳಿದ್ದಕ್ಕೇ ಸಿಕ್ಕಿತೋ, ಕೇಳದಿದ್ದರೂ ಸಿಗುತ್ತಿತ್ತೋ, ನನಗೆ ಗೊತ್ತಿಲ್ಲ. ಈಗ ಅವಳು ಅಲ್ಲಿ ಎರಡನೆಯ ವರ್ಷ ಓದುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ ಹೇಳಿದಳು: ಒಬ್ಬ ಅಜ್ಜಿ ಆಪರೇಷನ್ ಕೋಣೆಯಲ್ಲಿ ನಡುಗುತ್ತ ಮಲಗಿದ್ದಳಂತೆ. ಡಾಕ್ಟರು ಔಷಧ ಕೊಡುವಾಗ ಇವಳು ತಲೆಯ ಹಿಂದೆ ನಿಂತು, “ಆಯೀ, ನಿಮ್ಮೂರು ಯಾವುದ್ರಿ?” ಎಂದು ಕೇಳಿದಳಂತೆ.

“ಏನಂದ್ಲು?” ಎಂದೆ.

“ಊರ ಹೆಸರ ಹೇಳಿದ್ಲು. ಊರ ಮುಂದ ಹಳ್ಳಾ ಐತೇನ್ರಿ ಅಂದೆ. ಐತಿ ಅಂದ್ಲು. ದಾಟಿದ ಮ್ಯಾಲೆ ಏನ ಬರತೈತ್ರಿ ಅನ್ನೂದ್ರಾಗ ಮಲಗಿಬಿಟ್ಲು, ಅಪ್ಪಾ.”

ಉಸುಕಿನ ಮೇಲೆ ಅಡ್ಡಾಗಿದ್ದೆ. ಫೋನು ಎದೆಯ ಮೇಲೆ ಬೆಚ್ಚಗಿತ್ತು. ಬೇವಿನ ಗಿಡಾ ಬರತೈತಿ, ಎಂದು ಆ ಅಜ್ಜಿಯ ಪರವಾಗಿ ನಾನೇ ಹೇಳಿ ಕಣ್ಣು ಮುಚ್ಚಿದೆ.